ಬರಿದು ಕಳಿಸಬಾರದ ಪೆಟ್ಟಿಗೆ

ಹೋದ ವಾರ ಪಕ್ಕದ ಮನೆಯವರು ಸಿಹಿ ಮಾದಲಿ ತುಂಬಿ ಕಳಿಸಿದ್ದ ಸ್ಟೀಲಿನ ಡಬ್ಬಿಯನ್ನು ನನ್ನ ಮೊಮ್ಮಗನ ಹೆಂಡತಿ ತಿಕ್ಕಿ ತೊಳೆದು, ಒರೆಸಿ, ಬಿಸಿಲಿಗಿಟ್ಟು, ಕನ್ನಡಿಯ ಹಾಗೆ ಮಿಂಚಿಸಿ, ಬರಿದಾಗಿಯೇ ವಾಪಸು ಕೊಟ್ಟು ಬಂದಳು. ಓದಿದ ಹುಡುಗಿ, ಡಬ್ಬಿಯನ್ನು ತೊಳೆದು ಕೊಟ್ಟರೆ ಮುಗಿಯಿತು ಎಂದುಕೊಂಡಿದ್ದಾಳೆ. ನಾನು ಬೈದೆ. ಈ ವಯಸ್ಸಿನಲ್ಲಿ ನನ್ನ ಕೈಯಲ್ಲಿ ಆಗುವ ಕೆಲಸಗಳು ಕಡಿಮೆ, ಬೈಯುವುದು ಅವುಗಳಲ್ಲಿ ಒಂದು, ಅದನ್ನು ಇನ್ನೂ ಚೊಕ್ಕಟವಾಗಿ ಮಾಡುತ್ತೇನೆ. ಮಂದಿಯ ಮನೆಯ ಡಬ್ಬಿಯನ್ನು ಬರಿದು ಕಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ, ಸಕ್ಕರೆಯೂ ಇಲ್ಲದಿದ್ದರೆ ನಾಲ್ಕು ಕಾಳು ಜೋಳ ಹಾಕಿ ಕಳಿಸಬೇಕು.

"ಬರೇ ಡಬ್ಬಿ ಕೊಟ್ರ ಏನಾಕ್ಕೈತಿ ಅಜ್ಜಿ?" ಎಂದಳು.

ಕೊಟ್ಟರೆ ಏನಾಗುತ್ತದೋ ನನಗೆ ಗೊತ್ತಿಲ್ಲ, ಯಾಕೆಂದರೆ ನಾನು ಎಂದೂ ಕೊಟ್ಟಿಲ್ಲ. ಕೊಡದೆ ಇದ್ದುದರಿಂದ ಒಮ್ಮೆ ಏನಾಯಿತು ಎಂಬುದು ಮಾತ್ರ ಚೆನ್ನಾಗಿ ಗೊತ್ತು. ನೀವು ಅವಸರದಲ್ಲಿ ಇಲ್ಲದಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳ ಬರಹ ಇದು. ಹಿಂದು ಮುಂದಾದರೆ ನೀವೇ ಸರಿ ಮಾಡಿಕೊಂಡು ಓದಿ.

ಕನ್ನಡ ಮಾತಾಡುವ ಊರುಗಳೆಲ್ಲ ಕೂಡಿ ಒಂದು ರಾಜ್ಯವಾದ ಮರುವರ್ಷ, ಶಿವರಾತ್ರಿಯ ಆಸುಪಾಸಿನಲ್ಲಿ, ಚುನಾವಣೆ ಬಂತು. ಆಗ ನಾವು ಉಣಕಲ್ಲಿನಲ್ಲಿದ್ದೆವು. ಈಗ ಹುಬ್ಬಳ್ಳಿ ಎಲ್ಲಿ ಮುಗಿಯುತ್ತದೆ, ಉಣಕಲ್ಲು ಎಲ್ಲಿ ಶುರುವಾಗುತ್ತದೆ ಎಂದು ಬಸ್ಸಿನ ಕಂಡಕ್ಟರನಿಗೂ ಗೊತ್ತಾಗುವುದಿಲ್ಲ. ಆಗ ಅದು ಎತ್ತು, ಎಮ್ಮೆ, ಜೋಳದ ಹೊಲ, ಕೆರೆ ಇದ್ದ ಊರು. ಚುನಾವಣೆ ಎಂದರೆ ಆ ಕಾಲದಲ್ಲಿ ಒಂದೇ ಪಕ್ಷ. ಬೇರೆ ಪಕ್ಷಗಳು ಇದ್ದವೆಂದು ಆಮೇಲೆ ತಿಳಿದವರು ಹೇಳಿದರು, ಇದ್ದಿರಬಹುದು, ನಮ್ಮ ಓಣಿಗಂತೂ ಬಂದಿರಲಿಲ್ಲ. ಒಂದೇ ಇದ್ದುದರಿಂದ ಅದಕ್ಕೆ ಹೆಸರು ಹಿಡಿದು ಕರೆಯುವ ಅಗತ್ಯವೂ ಬೀಳುತ್ತಿರಲಿಲ್ಲ. ವೋಟು ಹಾಕುವುದು ಎಂದರೆ ಅದಕ್ಕೇ ಹಾಕುವುದು, ಉಣ್ಣುವುದು ಎಂದರೆ ರೊಟ್ಟಿ ಉಣ್ಣುವುದು ಎನ್ನುವ ಹಾಗೆ.

ನನಗೆ ಪಕ್ಷ ಬೇಕಾಗಿರಲಿಲ್ಲ, ನೀರಿನ ನಳ ಬೇಕಾಗಿತ್ತು. ವಯಸ್ಸು ಇಪ್ಪತ್ತೊಂದು ದಾಟಿತ್ತು, ಹೊಟ್ಟೆಯಲ್ಲಿ ಏಳು ತಿಂಗಳ ಕೂಸು, ತಲೆಯ ಮೇಲೊಂದು ಕೊಡ, ಬಗಲಲ್ಲೊಂದು ಕೊಡ, ಕೆರೆಯಿಂದ ಮನೆಗೆ ದಿನಕ್ಕೆ ಆರು ಸಲ. ಶಹರಕ್ಕೆ ನೀರು ಒಯ್ಯುವ ದೊಡ್ಡ ಕೊಳವೆ ನಮ್ಮ ಓಣಿಯ ಬಾಯಲ್ಲೇ ಹಾದು ಹೋಗಿತ್ತು. ಅದರ ಮೇಲೆ ಕೊಡ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದೆವು. ಒಳಗೆ ನೀರು ಸರಿಯುವ ಸದ್ದು ಕೇಳುತ್ತಿತ್ತು. ಕೇಳಿಸಿಕೊಂಡು, ಬೈದು, ಮತ್ತೆ ಕೊಡ ಹೊತ್ತುಕೊಳ್ಳುತ್ತಿದ್ದೆವು.

ಆ ಪಕ್ಷದಿಂದ ನಿಂತಿದ್ದವರನ್ನು ನಾವು ಸಾಹುಕಾರರು ಎನ್ನುತ್ತಿದ್ದೆವು. ಅವರು ಒಂದು ದಿನ ಜೀಪಿನಲ್ಲಿ ಬಂದು ನಮ್ಮ ಮಾವನವರ ಕುರ್ಚಿಯಲ್ಲಿ ಕೂತರು. ಓಣಿಗೆಲ್ಲ ಅದೊಂದೇ ಕುರ್ಚಿ. ನಮ್ಮ ಮಾವ ರುದ್ರಪ್ಪನವರು ಓಣಿಯ ಹಿರಿಯರು. ಮದುವೆ, ಜಗಳ, ಎತ್ತಿನ ವ್ಯಾಪಾರ ಯಾವುದೂ ಅವರನ್ನು ಬಿಟ್ಟು ಆಗುತ್ತಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ರುದ್ರಪ್ಪಾರ, ನಿಮ್ಮ ಓಣಿಗೊಂದು ನಳ, ಕೆಳಗಿನ ಓಣಿಗೊಂದು ನಳ ಮಾಡೋಣು. ಆದ್ರ ಎರಡೂ ಕೂಡೇ ಆಗೂದಿಲ್ಲ. ಯಾವ ಓಣ್ಯಾಗ ಒಂದ್ ಚೀಟಿನೂ ಆಚೀಚಿ ಹೋಗೂದಿಲ್ಲ, ಅಲ್ಲಿ ಮೊದಲು" ಎಂದರು ಸಾಹುಕಾರರು.

"ಬರಕೋರಿ" ಎಂದರು ಮಾವ. "ನಮ್ಮ ಓಣ್ಯಾಗಿನ ನಾಯಿಗೆ ವೋಟಿದ್ರ ಅದೂ ನಿಮಗ ಹಾಕತೈತಿ."

ಆ ಮಾತು ಕೇಳಿ ನನ್ನ ತಲೆಯ ಮೇಲಿನ ಕೊಡ ಅರ್ಧ ಇಳಿದ ಹಾಗಾಯಿತು.

ಅದಾಗಿ ನಾಲ್ಕು ದಿನಕ್ಕೆ ಇನ್ನೊಬ್ಬರು ಬಂದರು, ನಡೆದುಕೊಂಡು. ಸಾಲಿಯಿಂದ ನಿವೃತ್ತರಾದ ಮಾಸ್ತರು. ಕಚ್ಚೆಯ ಅಂಚಿಗೆಲ್ಲ ಧೂಳು, ಕೈಯಲ್ಲೊಂದು ಚೀಲ. ಪಕ್ಷ ಗಿಕ್ಷ ಏನೂ ಇಲ್ಲ, ತಾವೊಬ್ಬರೇ. ಅವರ ವೋಟಿನ ಗುರುತು ಕುರ್ಚಿ. ಆದರೆ ಆ ಹೊತ್ತಿನಲ್ಲಿ ಮಾವನವರು ಕುರ್ಚಿಯ ಮೇಲೆ ಕೂತಿದ್ದರು, ಏಳಲಿಲ್ಲ. ಮಾಸ್ತರು ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ನಮ್ಮ ಅತ್ತೆ ಗಂಗವ್ವ ಬೆಲ್ಲದ ಹರಳು ಇಟ್ಟು ನೀರು ಕೊಟ್ಟರು.

"ಯಾಕ್ರಿ ಮಾಸ್ತರ, ಈ ವಯಸ್ಸಿನ್ಯಾಗ ಇದೆಲ್ಲಾ? ಆರಿಸಿ ಬರೂದಿಲ್ಲ ಅನ್ನೂದು ಗೊತ್ತೈತಿಲ್ಲ?" ಎಂದು ಕೇಳಿದರು ಅತ್ತೆ.

"ಗೊತ್ತೈತ್ರೆವಾ. ಆದ್ರ ನಾ ಸಾಲ್ಯಾಗ ಚುನಾವಣಿ ಪಾಠ ಹೇಳೇನಿ. ಇಬ್ಬರು ನಿಂದರತಾರ, ಮಂದಿ ಒಬ್ಬರನ್ನ ಆರಿಸತಾರ ಅಂತ ಹೇಳೇನಿ. ಇಲ್ಲಿ ನೋಡಿದ್ರ ಒಬ್ಬರ ನಿಂತಾರ. ಎರಡನೇದಾವ ಯಾರರ ಬೇಕಲ್ಲ? ಇಲ್ಲಾಂದ್ರ ಪಾಠ ಸುಳ್ಳಾಕ್ಕೈತಿ."

"ಪಾಠ ಸುಳ್ಳಾದ್ರ ಆತು ಬಿಡ್ರಿ, ಬಿಸಲಾಗ ಅಡ್ಡಾಡಿ ಜಡ್ಡಿಗೆ ಬಿದ್ದೀರಿ" ಎಂದರು ಮಾವ. ಮಾಸ್ತರು ನಕ್ಕು, ಚರಿಗೆಯನ್ನು ಬೋರಲು ಹಾಕಿ, ಎಲ್ಲರಿಗೂ ಕೈ ಮುಗಿದು ಹೋದರು. ವೋಟು ಹಾಕಿ ಎಂದು ಕೇಳುವುದನ್ನೇ ಮರೆತರು.

ಇನ್ನು ಆಗಿನ ವೋಟು ಹಾಕುವ ರೀತಿಯನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಈಗಿನ ಹಾಗೆ ಗುಂಡಿ ಒತ್ತಿ ಪೀಂ ಅನ್ನಿಸುವುದಲ್ಲ. ಚೀಟಿಯ ಮೇಲೆ ಶಿಕ್ಕೆ ಹೊಡೆಯುವುದೂ ಅಲ್ಲ. ನಿಂತವರಿಗೆ ತಲೆಗೊಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಗುರುತು. ಪರದೆಯ ಮರೆಗೆ ಒಬ್ಬರೇ ಹೋಗಿ, ಯಾರು ಬೇಕೋ ಅವರ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರಬೇಕು. ದಿಲ್ಲಿಯ ಸಭೆಗೆ ಬೇರೆ ಚೀಟಿ ಇತ್ತು, ಅದರ ಸುದ್ದಿ ಈಗ ಬೇಡ; ನಮ್ಮ ರಾಜ್ಯದ ಸಭೆಗೆ ನಮ್ಮಲ್ಲಿ ಎರಡು ಪೆಟ್ಟಿಗೆ, ಸಾಹುಕಾರರದೊಂದು, ಮಾಸ್ತರದೊಂದು.

ಹೆಂಗಸರು ತಪ್ಪು ಮಾಡಿಯಾರೆಂದು ಮಾವನವರಿಗೆ ಹೆದರಿಕೆ. ಅದಕ್ಕೆ ಒಂದು ತಾಲೀಮು ಇಟ್ಟರು. ಅಡುಗೆ ಮನೆಯ ಗೋಡೆಯಲ್ಲಿನ ಮಾಡದ ಮೇಲಿಂದ ಎರಡು ಡಬ್ಬಿ ಇಳಿಸಿ, ಒಳಗಿನ ಬೇಳೆಯನ್ನು ಮೊರಕ್ಕೆ ಸುರುವಿಸಿ, ಅಂಗಳದಲ್ಲಿ ಜೋಡಿಸಿಟ್ಟರು. ಓಣಿಯ ಹೆಂಗಸರೆಲ್ಲ ಸಾಲಾಗಿ ಬಂದು ಒಂದೊಂದು ಬೇವಿನ ಎಲೆಯನ್ನು ಬಲಗಡೆಯ ಡಬ್ಬಿಗೆ ಹಾಕಬೇಕು. ಹಾಕಿದೆವು. ಒಂದು ಎಲೆಯೂ ಎಡಗಡೆ ಬೀಳಲಿಲ್ಲ. ಮಾವನವರಿಗೆ ಹಿಗ್ಗೋ ಹಿಗ್ಗು. ತಾಲೀಮು ಮುಗಿದ ಮೇಲೆ ನಮ್ಮ ಅತ್ತೆ ಡಬ್ಬಿ ಎತ್ತಿಡಲು ಬಂದವರು, ಎಡಗಡೆಯದನ್ನು ಅಲ್ಲಾಡಿಸಿ ನೋಡಿ, ಒಂದು ಹಿಡಿ ಬೇಳೆಯನ್ನು ಅದಕ್ಕೆ ಹಾಕಿದರು.

"ಏ, ಅದಕ್ಯಾಕ ಹಾಕತಿ?" ಎಂದು ಮಾವ ಚೀರಿದರು.

"ಬರೇ ಡಬ್ಬಿ ಮಾಡದ ಮ್ಯಾಲೆ ಇಡಬಾರದ್ರಿ" ಎಂದರು ಅತ್ತೆ.

ಮಾವನವರು ಜಾಣರು, ಊರ ಮಂದಿಯ ಮನಸ್ಸನ್ನೆಲ್ಲ ಓದುವವರು; ಆದರೆ ಆ ಒಂದು ಮಾತನ್ನು ಅಡುಗೆ ಮನೆಯ ಮಾತೆಂದು ಕಿವಿಯಿಂದ ಜಾರಿಸಿಬಿಟ್ಟರು.

ವೋಟಿನ ದಿನ ಗಂಡಸರು ಹೊಲಕ್ಕೆ ಹೋಗುವ ಮುಂಚೆಯೇ ಸಾಲಿಗೆ ಹೋಗಿ ಚೀಟಿ ಹಾಕಿ ಬಂದರು. ನಮ್ಮ ಓಣಿಗೆ ಸಾಲಿಯ ಒಂದು ಕೋಣೆ, ಕೆಳಗಿನ ಓಣಿಗೆ ಇನ್ನೊಂದು. ನಾವು ಹೆಂಗಸರು ರೊಟ್ಟಿ ಬಡಿದು, ಎಮ್ಮೆಗೆ ನೀರು ತೋರಿಸಿ, ಇಳಕಲ್ಲ ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು ಹೊರಟಾಗ ಬಿಸಿಲು ಏರಿತ್ತು. ಸಾಲಿನಲ್ಲಿ ನನ್ನ ಮುಂದೆ ನಮ್ಮ ಅತ್ತೆ, ಹಿಂದೆ ಪಕ್ಕದ ಮನೆಯ ಕಲ್ಲವ್ವ. ನನ್ನ ಸರದಿ ಬಂತು. ಪರದೆಯ ಒಳಗೆ ಹೋದೆ. ಹೋದವಳು ಕೆಲಸ ಮುಗಿಸಿ ಬರಬೇಕಲ್ಲವೇ? ಇಲ್ಲ. ಕುಂಬಾರನ ಮುಂದೆ ಗಡಿಗೆ ಬಡಿದು ನೋಡುವ ಕೈ ಇದು. ಸಾಹುಕಾರರ ಪೆಟ್ಟಿಗೆಯನ್ನು ಬೆರಳಿನಿಂದ ಬಡಿದೆ, ತುಂಬಿದ ಚೀಲದ ಹಾಗೆ ಮುಗುಮ್ಮಾಗಿತ್ತು. ಕುರ್ಚಿಯ ಪೆಟ್ಟಿಗೆಯನ್ನು ಬಡಿದೆ. ಠಣ್ಣೆಂದಿತು.

ಪಾಪ ಎನ್ನಿಸಿತೇ ಎಂದರೆ, ಇಲ್ಲ, ಸುಳ್ಳು ಯಾಕೆ ಹೇಳಲಿ. ಮಾಸ್ತರ ಪಾಠವೂ ನೆನಪಾಗಲಿಲ್ಲ. ನನ್ನ ತಲೆಯಲ್ಲಿ ಬಂದದ್ದು ಒಂದೇ: ಈ ಪೆಟ್ಟಿಗೆ ಸಂಜೆಗೆ ಮಾಸ್ತರ ಮನೆಗೆ ವಾಪಸು ಹೋಗುತ್ತದೆ, ನಮ್ಮ ಓಣಿಯಿಂದ ಹೋಗುತ್ತದೆ, ಬರಿದು ಹೋಗುತ್ತದೆ. ಮನೆಗೆ ಬಂದವರು ಬೆಲ್ಲ ತಿಂದು ನೀರು ಕುಡಿದು ಹೋಗಿದ್ದಾರೆ. ತುಂಬಿದ ಪೆಟ್ಟಿಗೆಗೆ ನನ್ನದೊಂದು ಕಡಿಮೆಯಾದರೆ ಯಾರಿಗೆ ತಿಳಿಯುತ್ತದೆ? ಶಾಸ್ತ್ರಕ್ಕೆ ಒಂದು ಇರಲಿ ಎಂದು ಹಾಕಿ, ಸೆರಗು ಸರಿ ಮಾಡಿಕೊಂಡು ಹೊರಗೆ ಬಂದೆ. ಮಾವನವರು ಸಾಲಿಯ ಗೇಟಿನಲ್ಲಿ ನಿಂತು ನಮ್ಮನ್ನೆಲ್ಲ ಎಮ್ಮೆ ಎಣಿಸುವ ಹಾಗೆ ಎಣಿಸುತ್ತಿದ್ದರು.

ಎಣಿಕೆಯ ದಿನ ಹುಬ್ಬಳ್ಳಿಗೆ ಹೋದ ಮಾವ ಸಂಜೆ ರುಮಾಲನ್ನು ತಲೆಯಿಂದ ತೆಗೆದು ಬಗಲಲ್ಲಿ ಹಿಡಿದುಕೊಂಡು ಬಂದರು. ಎಲ್ಲಾ ಕಡೆಯಲ್ಲೂ ಪಕ್ಷವೇ ಪಕ್ಷ. ಸಾಹುಕಾರರು ಗೆದ್ದಿದ್ದರು, ಅದಕ್ಕೇನೂ ಕೊರತೆ ಇರಲಿಲ್ಲ. ಕೆಳಗಿನ ಓಣಿ ಒಂದು ಚೀಟಿಯನ್ನೂ ಆಚೀಚೆ ಮಾಡದೆ ಅವರಿಗೇ ಹಾಕಿತ್ತು. ನಮ್ಮ ಓಣಿಯ ಚೀಟಿಗಳಲ್ಲಿ ಅರ್ಧಕ್ಕರ್ಧ ಕುರ್ಚಿಗೆ ಬಿದ್ದಿದ್ದವು.

ಹೆಂಗಸರ ಮೇಲೆ ಮಾವನವರಿಗೆ ಸಂಶಯವೇ ಬರಲಿಲ್ಲ. ಹೆಂಗಸರು ಎಂದಾದರೂ ತಮ್ಮ ಮನಸ್ಸಿನಿಂದ ವೋಟು ಹಾಕುತ್ತಾರೆಯೇ? ಅವರು ಗಂಡಸರನ್ನು ಹಿಡಿದರು. ಮೂರು ದಿನ ನಮ್ಮ ಕಟ್ಟೆಯ ಮೇಲೆ ಪಂಚಾಯಿತಿ. ಒಬ್ಬೊಬ್ಬರೂ ಲಿಂಗ ಮುಟ್ಟಿ ಆಣೆ ಮಾಡಿದರು. ಅಣ್ಣ ತಮ್ಮನನ್ನು ನಂಬಲಿಲ್ಲ. ನನ್ನ ಗಂಡನನ್ನೇ ಮಾವ, "ಖರೇ ಹೇಳು, ಆ ಮಾಸ್ತರ ನಿನಗ ಸಾಲ್ಯಾಗ ಕಲಿಸಿದ್ನಲ್ಲ?" ಎಂದು ಕೇಳಿದರು.

"ಕಲಿಸಿದ್ರು, ಖರೇ. ಎರಡು ಸಲ ನಪಾಸೂ ಮಾಡ್ಯಾರ" ಎಂದ ನನ್ನ ಗಂಡ. ಅದರಿಂದ ಪಾರಾದ. ಆದರೆ ಓಣಿಯ ಗಂಡಸರು ಒಬ್ಬರ ಮನೆಯಲ್ಲೊಬ್ಬರು ಎಲೆ ಅಡಿಕೆ ಹಾಕುವುದನ್ನು ಬಿಟ್ಟರು. ಮಾವನವರು ಕುರ್ಚಿಯ ಮೇಲೆ ಕೂರುವುದನ್ನು ಬಿಟ್ಟು ಕಂಬಳಿಯ ಮೇಲೆ ಕೂರತೊಡಗಿದರು. ಕುರ್ಚಿ ದನದ ಕೊಟ್ಟಿಗೆಗೆ ಹೋಯಿತು.

ನಾನು ಕೊಡ ಹೊತ್ತು ಕೆರೆಗೆ ಹೋಗುತ್ತ ಎಣಿಸುತ್ತಿದ್ದೆ: ಒಂದು ಚೀಟಿ ನನ್ನದು, ಉಳಿದವು ಯಾರವು? ಒಂದೇ ಚೀಟಿ ಆಚೆ ಬಿದ್ದಿದ್ದರೂ ನಳ ಹೋಗುತ್ತಿತ್ತಲ್ಲ, ಆ ಒಂದು ನನ್ನದೇ ಅಲ್ಲವೇ. ಕಾಲು ಬಾತಿದ್ದವು. ಕೊಳವೆಯ ಮೇಲೆ ಕೊಡ ಇಳಿಸಿದರೆ ಒಳಗಿನ ನೀರು ನನ್ನನ್ನೇ ಅಣಕಿಸಿದ ಹಾಗೆ. ನಾಲ್ಕನೆಯ ದಿನ ತಡೆಯದೆ ಅಡುಗೆ ಮನೆಯಲ್ಲಿ ಅತ್ತೆಯ ಮುಂದೆ ಹೇಳಿಬಿಟ್ಟೆ.

ಅತ್ತೆ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ನೀನೂ ಏನು? ಮುಂಜಾನೆ ಕಲ್ಲವ್ವ ಬಂದು ಅತ್ತು ಹೋಗ್ಯಾಳ, ನಿನ್ನೆ ಆಕಿ ನೆಗೆಣ್ಣಿ, ಮೊನ್ನೆ ಮೂಲಿಮನಿ ಮುದಕಿ. ಎಲ್ಲಾರೂ ಒಂದ ಹಾಕೇನಿ ಅಂತಾರ, ಬರೇ ಪೆಟಗಿ ಹೆಂಗ ಕಳಸೂದು ಅಂತಾರ."

"ಮತ್ತ ನೀವ್ರಿ ಅತ್ತಿ?"

ಅತ್ತೆ ಮತ್ತೆ ಹಿಟ್ಟು ನಾದತೊಡಗಿದರು. "ನನ್ನ ಪಾಳಿ ಎಲ್ಲಾರಕಿಂತ ಮೊದಲಿತ್ತು. ಖರೇನ ಬರೇದಿತ್ತದು. ಆಮ್ಯಾಲೆ ನೀವೆಲ್ಲಾ ಯಾಕ ಹಾಕಿದ್ರಿ?"

ಕಾಗದಕ್ಕೆ ತೂಕವಿಲ್ಲ, ನೋಡಿ. ತಳದಲ್ಲಿ ನಾಲ್ಕು ಚೀಟಿ ಬಿದ್ದಿದ್ದರೂ ತಗಡು ಠಣ್ಣೆಂದೇ ಅನ್ನುತ್ತದೆ. ಒಬ್ಬೊಬ್ಬಳೂ ತಾನೊಬ್ಬಳೇ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡು ಓಣಿಯ ಮರ್ಯಾದೆಯನ್ನು ಕೆರೆಗೆ ಹಾಕಿದ್ದೆವು. ನನಗೆ ನಗು ಬಂತು. ಅತ್ತೆಗೂ ಬಂತು. ಹೊರಗೆ ಗಂಡಸರು ಇನ್ನೂ ಆಣೆ ಪ್ರಮಾಣದಲ್ಲಿದ್ದರು. ನಾವು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ಆದರೂ ನಕ್ಕ ಮೇಲೆ ಕೊಡ ಎತ್ತಿಕೊಂಡು ಕೆರೆಗೆ ಹೋಗುವುದು ತಪ್ಪಲಿಲ್ಲ.

ಅದೇ ವಾರ ಸಾಹುಕಾರರ ಜೀಪು ಬಂತು. ಕೆಳಗಿನ ಓಣಿಯವರು ಹಾರ ಹಿಡಿದು ನಿಂತಿದ್ದರಂತೆ. ಜೀಪು ಅಲ್ಲಿ ನಿಲ್ಲದೆ ಧೂಳೆಬ್ಬಿಸಿ ನೇರ ನಮ್ಮ ಮನೆಯ ಮುಂದೆ ನಿಂತಿತು. ಬಂದವರನ್ನು ಕೂರಿಸಬೇಕಲ್ಲ ಎಂದು ನನ್ನ ಗಂಡ ಕೊಟ್ಟಿಗೆಯಿಂದ ಕುರ್ಚಿ ತಂದು ಹಾಕಿದ. ಸಾಹುಕಾರರು ಅದನ್ನು ಹಾವನ್ನು ನೋಡಿದ ಹಾಗೆ ನೋಡಿ, "ಇರ್ಲಿ, ನಿಂತೇ ಇರತೇನಿ" ಎಂದರು. ಅವರು ನಿಂತರೆಂದು ಮಾವನವರೂ ನಿಂತರು. ಕುರ್ಚಿಯೊಂದೇ ಅಂಗಳದ ನಡುವೆ ಕೂತಿತ್ತು.

"ನಾಡಿನ ತುಂಬ ನಾವ ಬಂದೀವಿ, ರುದ್ರಪ್ಪಾರ" ಎಂದರು ಸಾಹುಕಾರರು. ಗೆದ್ದವರ ಮುಖ ಹಾಗಿರುವುದಿಲ್ಲ. ನಿದ್ದೆಗೆಟ್ಟ ಮುಖ ಅದು. "ಈ ಒಂದ್ ಓಣ್ಯಾಗ ನಮ್ಮ ಕಡಿಂದ ಏನ್ ತಪ್ಪಾತು, ಅಷ್ಟು ಹೇಳ್ರಿ."

ಆಗ ಬಾಗಿಲ ಹಿಂದಿನಿಂದ ಅತ್ತೆಯೇ ಹೇಳಿದರು, "ಏನೂ ತಪ್ಪಿಲ್ರಿ. ಮಾಸ್ತರ ಪೆಟಗಿ ಬರೇದಿತ್ತು. ಬರೇದು ಕಳಸಬಾರದಂತ ಹೆಣಮಕ್ಕಳು ಒಂದೊಂದ ಹಾಕಿದ್ವಿ, ಅಷ್ಟ."

ಓಣಿಯ ಗಂಡಸರೆಲ್ಲ ಕಟ್ಟೆಯ ಸುತ್ತ ನೆರೆದಿದ್ದರು. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಸಾಹುಕಾರರು ಮಾತ್ರ ನಂಬಲಿಲ್ಲ. ತಮ್ಮ ಜೊತೆ ಬಂದವನ ಕಿವಿಯ ಹತ್ತಿರ ಬಾಗಿ, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು: "ಇದು ಹೆಣಮಕ್ಕಳ ಮಾತಲ್ಲ. ಹಿಂದ ಯಾರೋ ದೊಡ್ಡ ತಲಿ ಐತಿ. ಈಗ ಮುಗಸಲಿಲ್ಲಂದ್ರ ಬೆಳೀತೈತಿ."

ಹದಿನೈದು ದಿನದಲ್ಲಿ ನಮ್ಮ ಓಣಿಯ ಬಾಯಲ್ಲಿ ನಳ ಬಂತು.

ನಾನು ಆಗಾಗ ವಿಚಾರ ಮಾಡುತ್ತೇನೆ. ಮನೆಯ ತುಂಬ ಕಾಳು ಇದ್ದವನು ಕಾಳಿನ ರಾಶಿಯನ್ನು ನೋಡುತ್ತ ಕೂರುವುದಿಲ್ಲ, ಮೂಲೆಯಲ್ಲಿನ ಇಲಿಯ ಬಿಲವನ್ನೇ ನೋಡುತ್ತ ಕೂರುತ್ತಾನೆ. ಇಡೀ ನಾಡೇ ಕೈಯಲ್ಲಿದ್ದ ಪಕ್ಷಕ್ಕೆ ನಮ್ಮ ಓಣಿಯ ಇಪ್ಪತ್ತು ಮೂವತ್ತು ಮನೆಯ ಹೆಂಗಸರು ರಾತ್ರಿ ನಿದ್ದೆ ಕೆಡಿಸಿದ್ದೆವು, ಅದೂ ಬೇಕೆಂದು ಏನೂ ಮಾಡದೆ. ದೊಡ್ಡವರ ಹೆದರಿಕೆ ಎಂಥದ್ದಿರುತ್ತದೆ ಎಂದು ನಾನು ಅಂದೇ ಕಂಡೆ. ಆಮೇಲೆ ಯಾವ ದೊಡ್ಡವರ ಫೋಟೋಕ್ಕೂ ಮನೆಯಲ್ಲಿ ಮೊಳೆ ಹೊಡೆಯಗೊಡಲಿಲ್ಲ.

ಕೆಳಗಿನ ಓಣಿಯ ಹೆಂಗಸರು ಮೊದಲ ದಿನವೇ ಕೊಡ ಹಿಡಿದುಕೊಂಡು ನಮ್ಮ ನಳಕ್ಕೆ ಬಂದರು, ನೀರಿಗೆ ಅರ್ಧ, ಜಗಳಕ್ಕೆ ಅರ್ಧ. "ಎಲ್ಲಾ ಕೊಟ್ಟಾವ್ರು ನಾವು, ನಳ ನಿಮಗ! ಎಲ್ಲಿ ನ್ಯಾಯ ಇದು?"

ನಮ್ಮ ಕಲ್ಲವ್ವ ಸೊಂಟದ ಮೇಲೆ ಕೈ ಇಟ್ಟು, "ಎಲ್ಲಾ ಕೊಟ್ರ ಹಂಗ ಆಕ್ಕೈತಿ. ಗಂಡಗ ಇದ್ದದ್ದೆಲ್ಲಾ ಬಡಿಸಿಬಿಟ್ಟ ಮ್ಯಾಲೆ ಮತ್ತ ಅಡಗಿ ಮನಿ ಕಡೆ ಹಣಿಕಿ ಹಾಕತಾನೇನ?" ಎಂದಳು. ಬೈದಾಡುತ್ತಲೇ ಎಲ್ಲರೂ ನೀರು ತುಂಬಿಕೊಂಡೆವು.

ಆ ಮೇಲೆ ಮಾಸ್ತರು ಬಂದರು. ಕಣ್ಣಲ್ಲಿ ಹೊಳಪು. ಕ್ಷೇತ್ರದಲ್ಲೆಲ್ಲ ಸೋತು ಠೇವಣಿ ಕಳೆದುಕೊಂಡವರಿಗೆ ಈ ಒಂದು ಓಣಿ ಹಬ್ಬವಾಗಿತ್ತು. ನಾನು ನಳದ ಮುಂದೆ ಕೊಡ ತಿಕ್ಕುತ್ತಿದ್ದೆ.

"ತಂಗಿ, ನಾ ಅವತ್ತ ಹೇಳಿದ್ರಾಗ ಯಾವ ಮಾತು ನಿಮಗ ಹಿಡಿಸಿತು? ಅಷ್ಟು ಗೊತ್ತಾದ್ರ ಅದನ್ನ ಹಿಡಕೊಂಡು ಉಳಿದ ಊರಿಗೂ ಹೋಗತೇನಿ" ಎಂದು ಕೇಳಿದರು.

ಹೊಟ್ಟೆ ತುಂಬಿಸುವ ಸುಳ್ಳು ಹೇಳಬಹುದಾಗಿತ್ತು. ನನಗೆ ಬರುವುದಿಲ್ಲ. "ಯಾವ ಮಾತೂ ಇಲ್ರಿ ಮಾಸ್ತರ. ನಿಮ್ಮ ಪೆಟಗಿ ಬರೇದಿತ್ತು, ಅದಕ್ಕ ಹಾಕಿದ್ವಿ" ಎಂದೆ.

ಮಾಸ್ತರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಆಮೇಲೆ, "ಹಂಗಾದ್ರ ಮುಂದಿನ ಸಲಾನೂ ನಿಂದರತೇನಿ. ಅವಾಗೂ ಬರೇದ ಇರತೈತಿ" ಎಂದು ಹೇಳಿ ಹೋದರು.

ನಿಂತರು ಕೂಡ. ಮುಂದಿನ ಚುನಾವಣೆಯ ಹೊತ್ತಿಗೆ ನನ್ನ ಹಿರಿಯ ಮಗ ಓಡಾಡುತ್ತಿದ್ದ, ಎರಡನೆಯದು ಕಂಕುಳಲ್ಲಿತ್ತು. ಪಕ್ಷ ಅದೇ, ಸಾಹುಕಾರರು ಅವರೇ. ಸರಕಾರ ಮಾತ್ರ ಜಾಣವಾಗಿತ್ತು: ಎಲ್ಲರಿಗೂ ಸೇರಿ ಒಂದೇ ಪೆಟ್ಟಿಗೆ ಮಾಡಿ, ಚೀಟಿಯ ಮೇಲೆ ಗುರುತುಗಳನ್ನು ಅಚ್ಚು ಹಾಕಿಸಿ, ಶಿಕ್ಕೆ ಹೊಡೆಯಿರಿ ಎಂದಿತು. ಬಡಿದು ನೋಡಲು ಇನ್ನೊಂದು ಪೆಟ್ಟಿಗೆಯೇ ಇಲ್ಲ. ನಾವು ಹೆಂಗಸರು ಒಬ್ಬರ ಹಿಂದೊಬ್ಬರು ಹೋಗಿ ಸಾಹುಕಾರರಿಗೇ ಶಿಕ್ಕೆ ಹೊಡೆದು ಬಂದೆವು. ನಾನೂ ಹೊಡೆದೆ. ಆ ವರ್ಷ ನಳ ಸೋರುತ್ತಿತ್ತು, ಹಗಲೂ ರಾತ್ರಿ ಹರಿದು ಓಣಿಯೆಲ್ಲ ಕೆಸರು, ಕೊಡ ಇಟ್ಟರೆ ತುಂಬುವಷ್ಟು ಬಲ ನೀರಿಗಿರಲಿಲ್ಲ. ಅದನ್ನು ದುರಸ್ತಿ ಮಾಡಿಸುವವರು ಗೆಲ್ಲುವವರೇ ಆಗಬೇಕು, ಮಾಸ್ತರಲ್ಲ.

ಎಣಿಕೆಯಾದ ಎರಡು ದಿನಕ್ಕೆ ಮಾಸ್ತರು ಬಂದು ಕಟ್ಟೆಯ ಮೇಲೆ ಕೂತರು. ಮೊದಲಿಗಿಂತ ಬಡಕಲಾಗಿದ್ದರು. ಮಾವನವರು ಎದುರಿನ ಕಂಬಳಿಯ ಮೇಲಿದ್ದರು. ನಾನು ನೀರು ಕೊಟ್ಟು, ಅವರು ಕೇಳುವ ಮುಂಚೆಯೇ ಹೇಳಿದೆ, "ಈ ಸಲ ನಿಮಗ ಹಾಕಿಲ್ರಿ ಮಾಸ್ತರ. ನಾವ್ಯಾರೂ ಹಾಕಿಲ್ಲ."

"ಗೊತ್ತೈತವಾ, ಎಣಿಕ್ಯಾಗ ನಾನೂ ಕುಂತಿದ್ನಿ" ಎಂದರು ಮಾಸ್ತರು, ಕೋಪವಿಲ್ಲದೆ. "ಆದ್ರ ನಿಮ್ಮ ಓಣ್ಯಾಗ ಒಂದ್ ಬಿದ್ದೈತಿ. ಒಂದ ಒಂದು. ಅದು ಯಾರದು ಅಂತ ತಿಳಕೊಂಡು ಹೋಗೋಣು ಅಂತ ಬಂದೇನಿ. ಪಾಠ ತಿಳಿದಾವ ಒಬ್ಬನರ ಅದಾನಲ್ಲ."

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ತಲೆ ಅಲ್ಲಾಡಿಸಿದರು. ಕಲ್ಲವ್ವ ತನ್ನ ಬಾಗಿಲಿನಿಂದಲೇ ಕೈ ಅಲ್ಲಾಡಿಸಿದಳು. ಮಾವನವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚಿದ ಎಲೆಗೇ ಮತ್ತೆ ಹಚ್ಚುತ್ತಿದ್ದರು. ಮಡಚಿ ಬಾಯಿಗಿಟ್ಟುಕೊಂಡು, ಮಾಸ್ತರ ಕಡೆಗೆ ನೋಡದೆ, ಓಣಿಯ ಬಾಯಿಯ ಕಡೆಗೆ ನೋಡುತ್ತ ಹೇಳಿದರು:

"ನಳ ಸೋರಾಕತ್ತಿ ಮೂರು ತಿಂಗಳಾತ್ರಿ ಮಾಸ್ತರ. ಸಾಹುಕಾರ್ರು ಹೊಳ್ಳಿ ನೋಡವಲ್ರು. ಈಗ ಬರತಾರ."